ವಿಂಡೋಸ್ ಮುಚ್ಚಿ ಉಬುಂಟು ತೆರೆದರೆ ಫೈಲ್ ಸೇವ್ ಆಗುತ್ತಿಲ್ಲ, ಏಕೆ?

ಪ್ರಶ್ನೆ: ನಮ್ಮ ಶಾಲೆಯ ಲ್ಯಾಬ್‌ನ ಕಂಪ್ಯೂಟರ್‌ಗಳಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ಒಂದು ತರಗತಿಯವರು ವಿಂಡೋಸ್ ಶಟ್‌ಡೌನ್ ಮಾಡಿ ಹೋದ ಮೇಲೆ ಮುಂದಿನವರು ಉಬುಂಟು ತೆರೆಯುತ್ತಾರೆ. ಆಗ ಎರಡಕ್ಕೂ ಸೇರಿದ ಡೇಟಾ ಡ್ರೈವ್‌ನಲ್ಲಿರುವ ಫೈಲ್‌ಗಳನ್ನು ಓದಬಹುದು, ಸೇವ್ ಮಾಡಲಾಗುವುದಿಲ್ಲ. ಗಡಿಯಾರವೂ ತಪ್ಪುತ್ತದೆ. ಏನೂ ಆರಿಸದಿದ್ದರೆ ಉಬುಂಟುವೇ ತೆರೆದುಕೊಳ್ಳುತ್ತದೆ. ನಮಗೆ ಹೆಚ್ಚಾಗಿ ಬೇಕಾದದ್ದು ವಿಂಡೋಸ್. ಪರಿಹಾರ ತಿಳಿಸಿ.

ಉತ್ತರ: ಮೊದಲು ಫೈಲ್‌ನದ್ದನ್ನು ಸರಿಮಾಡಿ. ಮಕ್ಕಳ ಕೆಲಸ ಹಾಳಾಗುವ ಅಪಾಯ ಇರುವುದು ಅಲ್ಲೇ.

ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಒತ್ತಿದರೆ ವ್ಯವಸ್ಥೆ ಸಾಮಾನ್ಯವಾಗಿ ಪೂರ್ತಿ ಮುಚ್ಚುವುದಿಲ್ಲ. ಬಳಕೆದಾರರ ಪ್ರೋಗ್ರಾಂಗಳನ್ನು ಮುಚ್ಚಿ, ಕರ್ನಲ್‌ನ (ವ್ಯವಸ್ಥೆಯ ತಿರುಳಾದ ಪ್ರೋಗ್ರಾಂ) ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ನಿಲ್ಲುತ್ತದೆ. ಇದೇ ಫಾಸ್ಟ್ ಸ್ಟಾರ್ಟಪ್. ಆ ಹೊತ್ತಿಗೆ ತೆರೆದಿದ್ದ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ವಿಧಾನ) ಡ್ರೈವ್‌ಗಳೆಲ್ಲ ಇನ್ನೂ ತನ್ನ ಕೈಯಲ್ಲೇ ಇವೆ ಎಂದು ವಿಂಡೋಸ್ ನೆನಪಿಟ್ಟುಕೊಂಡಿರುತ್ತದೆ. ಉಬುಂಟು ಇದನ್ನು ಗುರುತಿಸಿ ಬರೆಯಲು ಬಿಡುವುದಿಲ್ಲ. ಅದು ಮಾಡುತ್ತಿರುವುದು ಸರಿಯೇ. ಬಲವಂತವಾಗಿ ಬರೆದರೆ, ವಿಂಡೋಸ್ ಮತ್ತೆ ಎದ್ದಾಗ ಹಳೆಯ ಲೆಕ್ಕದ ಮೇಲೆಯೇ ಕೆಲಸ ಮುಂದುವರಿಸಿ ಹೊಸ ಫೈಲ್‌ಗಳನ್ನು ಕೆಡಿಸಬಹುದು. ಆ ಸ್ಥಿತಿಯನ್ನು ಬರೆದಿಟ್ಟಿರುವ ಹೈಬರ್ನೇಟ್ ಫೈಲ್ ಅಳಿಸಿ ಡ್ರೈವ್ ತೆರೆಯುವ ಅಡ್ಡದಾರಿಯನ್ನು ಹುಡುಗರಿಗೆ ಹೇಳಿಕೊಡಲೇಬೇಡಿ.

ಕಾರಣ ಇದೇ ಹೌದೋ ಎಂದು ತಿಳಿಯಲು ಒಂದು ಯಂತ್ರದಲ್ಲಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ ಉಬುಂಟುಗೆ ಬನ್ನಿ. ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುತ್ತದೆ. ಈಗ ಸೇವ್ ಆದರೆ ಅನುಮಾನವೇ ಬೇಡ. ವಿಂಡೋಸ್‌ಗೆ ಹಿಂತಿರುಗಿ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಆದೇಶ ಕೊಡಿ. ಹೈಬರ್ನೇಟ್, ಫಾಸ್ಟ್ ಸ್ಟಾರ್ಟಪ್ ಎರಡೂ ನಿಲ್ಲುತ್ತವೆ, ಕೆಲವು ಜಿಬಿ ಜಾಗವೂ ಉಳಿಯುತ್ತದೆ. ವಿಂಡೋಸ್ ಏಳುವುದು ತುಸು ನಿಧಾನವಾದೀತು, ಅಷ್ಟೇ. ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಈ ಸೆಟ್ಟಿಂಗ್ ಮತ್ತೆ ಆನ್ ಆಗಿದೆಯೇ ನೋಡಿ.

ಗಡಿಯಾರ ತಪ್ಪುವುದಕ್ಕೆ ಕಾರಣ ಸರಳ. ಮದರ್‌ಬೋರ್ಡ್‌ನಲ್ಲಿರುವ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಉಬುಂಟು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು. ಉಬುಂಟುವಿನ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದರೆ ಎರಡೂ ಒಂದೇ ಲೆಕ್ಕ ಹಿಡಿಯುತ್ತವೆ. ವರ್ಷಕ್ಕೆರಡು ಬಾರಿ ಗಡಿಯಾರ ಹಿಂದೆಮುಂದೆ ಮಾಡುವ ದೇಶಗಳಲ್ಲಿ ಈ ದಾರಿ ಬೇಡ. ಅಲ್ಲಿ ವಿಂಡೋಸನ್ನೇ ಯುಟಿಸಿಗೆ ಒಗ್ಗಿಸಬೇಕು.

ಇನ್ನು ಗ್ರಬ್ ಮೆನು, ಅಂದರೆ ಕಂಪ್ಯೂಟರ್ ಆನ್ ಮಾಡಿದಾಗ ಯಾವ ವ್ಯವಸ್ಥೆ ಬೇಕೆಂದು ಕೇಳುವ ಪಟ್ಟಿ. ಕೊನೆಗೆ ಆರಿಸಿದ್ದನ್ನೇ ನೆನಪಿಡುವಂತೆ ಮಾಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಒಬ್ಬರೇ ಬಳಸುವ ಲ್ಯಾಪ್‌ಟಾಪ್‌ಗೆ ಅದು ಸರಿ. ಲ್ಯಾಬ್‌ನಲ್ಲಿ ಹಾಗೆ ಮಾಡಿದರೆ ಒಂದೊಂದು ಯಂತ್ರ ಒಂದೊಂದರಲ್ಲಿ ತೆರೆದುಕೊಂಡು ತರಗತಿಯ ಮೊದಲ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ಎಲ್ಲದರಲ್ಲೂ ವಿಂಡೋಸ್ ಅನ್ನೇ ಡಿಫಾಲ್ಟ್ ಮಾಡಿ, ಕಾಯುವ ಸಮಯ 15 ಸೆಕೆಂಡ್ ಇಡಿ. ‘ಇಟಿಸಿ’ ಫೋಲ್ಡರ್‌ನೊಳಗಿನ ‘ಡಿಫಾಲ್ಟ್’ ಫೋಲ್ಡರ್‌ನಲ್ಲಿ ‘ಗ್ರಬ್’ ಹೆಸರಿನ ಫೈಲ್ ಇದೆ. ಅದರಲ್ಲಿ ಗ್ರಬ್ ಡಿಫಾಲ್ಟ್ ಎಂಬ ಸಾಲಿಗೆ 2, 3 ಎಂದು ಕ್ರಮಸಂಖ್ಯೆ ಕೊಡದೆ ಮೆನುವಿನಲ್ಲಿ ಕಾಣುವ ವಿಂಡೋಸ್ ಸಾಲಿನ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಮೆನುವಿಗೆ ಹೊಸ ಸಾಲು ಸೇರಿದರೆ ಸಂಖ್ಯೆ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ಬಳಿಕ ‘ಸುಡೊ ಅಪ್‌ಡೇಟ್-ಗ್ರಬ್’ ಓಡಿಸಿ. ಆಮೇಲೆ ವಿಂಡೋಸ್ ಸಾಲೇ ಮಾಯವಾದರೆ ಗಾಬರಿ ಬೇಡ: ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಡಿಫಾಲ್ಟಾಗಿ ಆಫ್ ಇರುತ್ತದೆ. ಅದೇ ಫೈಲ್‌ನಲ್ಲಿ ಅದನ್ನು ಆನ್ ಮಾಡಿ ಮತ್ತೊಮ್ಮೆ ಅಪ್‌ಡೇಟ್ ಮಾಡಿ.

ನೀವು ಕೇಳದಿದ್ದರೂ ಒಂದು ಮಾತು. ಗ್ರಬ್ ಮೆನುವಿನಲ್ಲಿ ‘ಇ’ ಕೀ ಒತ್ತಿ ಒಂದು ಸಾಲು ತಿದ್ದಿದರೆ, ಪಾಸ್‌ವರ್ಡ್ ಇಲ್ಲದೆಯೇ ಇಡೀ ಯಂತ್ರದ ಅಧಿಕಾರ ಕೈಗೆ ಸಿಗಬಹುದು. ಆದ್ದರಿಂದ ಗ್ರಬ್‌ಗೆ ಪಾಸ್‌ವರ್ಡ್ ಹಾಕಿ. ಆದರೆ ಬರೀ ಪಾಸ್‌ವರ್ಡ್ ಹಾಕಿ ಬಿಟ್ಟರೆ ಉಬುಂಟು, ವಿಂಡೋಸ್ ತೆರೆಯಲೂ ಪ್ರತಿಸಲ ಅದನ್ನೇ ಕೇಳುತ್ತದೆ. ಎರಡೂ ಸಾಲುಗಳಿಗೆ ‘ಅನ್‌ರಿಸ್ಟ್ರಿಕ್ಟೆಡ್’ ಆಯ್ಕೆ ಸೇರಿಸಿ. ಆಗ ತೆರೆಯಲು ಯಾರಿಗೂ ಅಡ್ಡಿಯಿಲ್ಲ, ತಿದ್ದಲು ಮಾತ್ರ ಪಾಸ್‌ವರ್ಡ್ ಬೇಕು.