ಗಾಜಿನ ಮನೆ ಕಟ್ಟಿಸಿದ್ದು ಯಾರು?

ಬೆಂಗಳೂರಿನ ಒಂದು ಖಾಸಗಿ ಶಾಲೆಯ ಟೀಚರ್. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಬಂದಿದ್ದರು. ಎರಡು ವಾರದಿಂದ ಸ್ಟಾಫ್ ರೂಮಿಗೂ ಹೋಗದೆ ಖಾಲಿ ಕ್ಲಾಸಿನಲ್ಲಿ ಕೂತು ಊಟದ ಡಬ್ಬಿ ತೆಗೆಯುತ್ತಿದ್ದರಂತೆ.

ಆಗಿದ್ದು ಇಷ್ಟು. ಶಾಲೆಯ ತಿಂಗಳ ನ್ಯೂಸ್‌ಲೆಟರ್ ಇವರ ತಲೆಗೆ ಬಂದಿತ್ತು. ಕರೆಕ್ಷನ್, ಮನೆಗೆಲಸ ಎಲ್ಲ ಮುಗಿಸಿ ರಾತ್ರಿ 11ಕ್ಕೆ ಚಾಟ್‌ಜಿಪಿಟಿ (ಕೇಳಿದ್ದನ್ನು ಬರೆದುಕೊಡುವ ಎಐ) ತೆರೆದು, 'ಮಕ್ಕಳ ಲಾಲ್‌ಬಾಗ್ ಪ್ರವಾಸದ ಬಗ್ಗೆ ಒಂದು ಪುಟ ಬರೆದುಕೊಡು' ಅಂದರು. ಬಂದದ್ದನ್ನು ಹಾಗೇ ಕಳಿಸಿದರು. ಅದರಲ್ಲಿ ಗಾಜಿನ ಮನೆ ಕಟ್ಟಿಸಿದ್ದು ಟಿಪ್ಪು ಸುಲ್ತಾನ್ ಅಂತಿತ್ತು. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಮಗುವಿನ ತಾತ ಬರೆದರು: 'ಟಿಪ್ಪು ತೀರಿಕೊಂಡಿದ್ದು 1799ರಲ್ಲಿ. ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಟೀಚರಿಗೇ ಗೊತ್ತಿಲ್ವಾ?' ಕೆಳಗೆ ನಗುವ ಇಮೋಜಿಗಳು.

'16 ವರ್ಷ ಪಾಠ ಮಾಡಿದ್ದೀನಿ ಮೇಡಂ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.'

ಮೊದಲ ದಿನ ನಾನು ನ್ಯೂಸ್‌ಲೆಟರ್ ಮಾತೇ ಎತ್ತಲಿಲ್ಲ. ಫೋನ್ ತೆಗೆಸಿ ಇಮೋಜಿ ಎಣಿಸಿದೆವು. 7. ಗ್ರೂಪಿನಲ್ಲಿ ಇದ್ದವರು ನೂರಕ್ಕೂ ಜಾಸ್ತಿ. 'ಉಳಿದವರು ಓದೇ ಇಲ್ವೇನೋ' ಅಂದೆ. ನಕ್ಕರು. ಆಮೇಲೆ ಅತ್ತರು.

ಎರಡನೇ ಸಲ ಬಂದಾಗ ಸುಮ್ನೆ ಕೇಳಿದೆ, ಆವತ್ತು ಲಾಲ್‌ಬಾಗಲ್ಲಿ ಏನೇನಾಯ್ತು? ಹತ್ತು ನಿಮಿಷ ಬಿಡದೆ ಮಾತಾಡಿದರು. ಅಲ್ಲಿಯ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂದಾಗ ಒಬ್ಬ ಹುಡುಗ, 'ಮಿಸ್, ಇದರ ಹುಟ್ಟಿದಹಬ್ಬ ಯಾವಾಗ?' ಅಂದನಂತೆ. ಉಳಿದವರು ಕೂತು ಸೊನ್ನೆ ಎಷ್ಟು ಅಂತ ಜಗಳ.

'ಇದನ್ನೇ ಯಾಕೆ ಬರೆಯಲಿಲ್ಲ?'

'ನನಗೆ ಬರೆಯೋಕೆ ಬರಲ್ಲ ಮೇಡಂ.'

ಗಂಟು ಇದ್ದದ್ದು ಇಲ್ಲಿ. ಎಐ ಆ ಪ್ರವಾಸಕ್ಕೆ ಹೋಗಿರಲಿಲ್ಲ. ಮುಂದೆ ಯಾವ ಪದ ಬರಬಹುದು ಅಂತ ಅಂದಾಜಿನ ಮೇಲೆ ಪೋಣಿಸುತ್ತಾ ಹೋಗುತ್ತದೆ. ಲಾಲ್‌ಬಾಗ್ ಅಂದಲ್ಲೆಲ್ಲ ಹೈದರ್, ಟಿಪ್ಪು ಹೆಸರು ಬರುತ್ತದೆ, ಅಲ್ವಾ? ಗಾಜಿನ ಮನೆಗೂ ಅದೇ ಹೆಸರು ಅಂಟಿಕೊಂಡಿರಬೇಕು. (ನಾನೇನು ಕಂಪ್ಯೂಟರ್ ಬಲ್ಲವಳಲ್ಲ, ಇಷ್ಟನ್ನು ಮಗನಿಂದ ಕಲಿತೆ.)

ಹೀಗೆ ಮಾಡಿ ಅಂದೆ. ವಾಪಸ್ ಬರುವಾಗ ಬಸ್ಸಿನಲ್ಲೇ ಕಂಡದ್ದನ್ನು ಕನ್ನಡದಲ್ಲಿ ಫೋನಿಗೆ ಹೇಳಿ, ಅದೇ ಟೈಪ್ ಮಾಡಿಕೊಳ್ಳುತ್ತದೆ. ಮಕ್ಕಳ ಹೆಸರು ಬೇಡ. ಆ ಬರಹವನ್ನು ಎಐಗೆ ಕೊಟ್ಟು, 'ಚಿಕ್ಕದು ಮಾಡು, ತಲೆಬರಹ ಕೊಡು, ಮನೆಯಲ್ಲಿ ಮಕ್ಕಳನ್ನು ಕೇಳಲು ಮೂರು ಪ್ರಶ್ನೆ ಹಾಕು, ನಾನು ಹೇಳದ ಒಂದು ಸಂಗತಿಯನ್ನೂ ಸೇರಿಸಬೇಡ' ಅನ್ನಿ. ಆದರೂ ಸೇರಿಸುತ್ತದೆ. ಹಾಗಾಗಿ ಇಸವಿ, ಹೆಸರುಗಳಿಗೆಲ್ಲ ಪೆನ್ಸಿಲ್ ಗೆರೆ ಹಾಕಿ, ಒಂದೊಂದನ್ನೂ ಪುಸ್ತಕದಲ್ಲಿ ನೋಡಿ. ಮುಂದಿನ ಸಂಚಿಕೆಯ ಮೊದಲ ಸಾಲಿನಲ್ಲೇ ತಪ್ಪು ತಿದ್ದಿ, ತಾತನಿಗೆ ಥ್ಯಾಂಕ್ಸ್ ಹೇಳಿ.

ಇದಕ್ಕೆಲ್ಲ ಒಪ್ಪಿದರು. ಹೆಡ್ ಮಿಸ್ ಹತ್ತಿರ ಹೋಗಿ 'ಈ ಕೆಲಸಕ್ಕೆ ವಾರಕ್ಕೆ ಒಂದು ಪೀರಿಯಡ್ ಬಿಡುವು ಕೊಡಿ' ಅನ್ನಲು ಮಾತ್ರ ಬಾಯಿ ಬರಲಿಲ್ಲ. ನಾನೇ ಹೆಡ್ ಮಿಸ್ ಆಗಿ ಕೂತು ಮೂರು ಸಲ ಹೇಳಿಸಿದೆ.

ಪೀರಿಯಡ್ ಸಿಕ್ಕಿದೆ, ಶನಿವಾರದ ಕೊನೆಯದು. ಡಬ್ಬಿ ಈಗ ಸ್ಟಾಫ್ ರೂಮಿನಲ್ಲೇ ತೆಗೆಯುತ್ತಾರೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಮುಂದಿನ ತಿಂಗಳು ಮತ್ತೆ ಬರುತ್ತಾರೆ.