ಮನೆಯಲ್ಲೇ ಮಾಡಿದ ಗಾಡಿ ಪಾರ್ಟ್ಸನ್ನು ಗೆಳೆಯರಿಗೆ ಯಾವ ಬೆಲೆಗೆ ಮಾರಬೇಕು?

ನೀವು ಕೇಳಿದ್ದು ಇಷ್ಟು: ಪುಣೆ ಹತ್ತಿರದ ಚಿಂಚ್ವಡದಲ್ಲಿ ಕೆಲಸ, ಬಿಡುವಿನಲ್ಲಿ ಲೇತ್ ಮೇಲೆ ಲೋಹ ಕಡೆಯುವುದು, ಮಾರುತಿಯ ಜಿಪ್ಸಿ-ಜಿಮ್ನಿ ಜೀಪುಗಳ ಹುಚ್ಚಿನ ಗೆಳೆಯರು. ವ್ಹೀಲ್ ಸ್ಪೇಸರ್, ಅಂದರೆ ಚಕ್ರ ಮತ್ತು ಅದು ಕೂರುವ ಹಬ್ ನಡುವೆ ಹಾಕುವ ಲೋಹದ ದಪ್ಪ ಬಿಲ್ಲೆ, ಮಾಡಿ ಮಾರಿದರೆ ಅವರಿಗೆ ಎಷ್ಟು ಕಡಿಮೆ ಬೆಲೆ ಹೇಳಬೇಕು? ಒಂದು ರೂಪಾಯಿಯೂ ಕಡಿಮೆ ಮಾಡಬೇಡಿ. ಅದಕ್ಕಿಂತ ಮೊದಲು, ಸ್ಪೇಸರನ್ನೇ ಮಾಡಬೇಡಿ. ಯಾಕೆ ಅಂತ ಹೇಳಬೇಕಾದರೆ 2018ರಲ್ಲಿ ನನಗೆ ಆದದ್ದನ್ನು ಪೂರ್ತಿ ಹೇಳಬೇಕು.

ನಾನು ಗೋಕಾಕ ಕಡೆಯವನು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಅಚ್ಚು-ಉಪಕರಣ ಮಾಡುವ ಒಂದು ಟೂಲ್ ರೂಮಿನಲ್ಲಿ ಕೆಲಸ. ಸಂಜೆ ಹೊತ್ತಿಗೆ ಬಾಡಿಗೆಗೆ ಹಿಡಿದ ನನ್ನದೇ ಒಂದು ಗಾಳಾ. ಇಲ್ಲಿ ಚಿಕ್ಕ ಶೆಡ್ಡಿಗೆ ಹಾಗೇ ಅನ್ನುತ್ತಾರೆ. ಅದರಲ್ಲಿ ಒಂದು ಹಳೆಯ ಲೇತ್, ಒಂದು ಪಿಲ್ಲರ್ ಡ್ರಿಲ್. ಬಾಡಿಗೆ ಹುಟ್ಟಲಿ ಅಂತ ಬೇರೆಯವರ ಜಾಬ್‌ವರ್ಕ್ ಮಾಡುತ್ತಿದ್ದೆ, ಮನಸ್ಸೆಲ್ಲ ಜಿಪ್ಸಿ ಕಡೆಗೇ. ಭಾನುವಾರ ನಸುಕಿನಲ್ಲಿ ಹೊರಟು ಮುಳಶಿ, ತಾಮ್ಹಿಣಿ ಘಾಟ್. ಹತ್ತು ಹನ್ನೆರಡು ಗಾಡಿ. ಅದರಲ್ಲಿ ಅರ್ಧ ನಮ್ಮ ಕಡೆಯವರೇ. ಬಾಗಲಕೋಟೆ, ವಿಜಯಪುರ, ಹುಬ್ಬಳ್ಳಿಯಿಂದ ಬಂದು ಪುಣೆಯಲ್ಲಿ ನೆಲೆ ನಿಂತವರು. ದಾರಿಯಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚಿದರೆ ಎಂಟು ಮನೆಯ ರೊಟ್ಟಿ, ಎಂಟು ಥರದ ಶೇಂಗಾ ಚಟ್ನಿ ಸಿಗುತ್ತಿತ್ತು.

ಜಿಪ್ಸಿ ಎತ್ತರದ, ಸಣ್ಣ ಅಗಲದ ಗಾಡಿ. ಸ್ಪೇಸರ್ ಹಾಕಿದರೆ ಒಂದೊಂದು ಚಕ್ರವೂ ಸ್ವಲ್ಪ ಹೊರಗೆ ಬರುತ್ತದೆ, ಗಾಡಿ ಅಗಲ ಕಾಲೂರಿ ನಿಂತ ಹಾಗೆ ಕಾಣುತ್ತದೆ. ಮೊದಲ ಸೆಟ್ಟನ್ನು ನನ್ನ ಗಾಡಿಗೇ ಮಾಡಿಕೊಂಡೆ. ಅದನ್ನು ನೋಡಿದವರೆಲ್ಲ ನಂಗೂ ಒಂದು ಸೆಟ್ ಅಂದರು. 12 ಸೆಟ್‌ಗೆ ಆರ್ಡರ್ ಬಂತು. ಅಂದರೆ 48 ತುಂಡು.

ಸೆಟ್ಟಿಗೆ 7,500 ರೂಪಾಯಿ ಅಂತ ಬೆಲೆ ಹೇಳಿದೆ. ಲೆಕ್ಕ ಹಾಕಿಯೇ ಹೇಳಿದ್ದೆ. ಮಾಲು, ಸ್ಟಡ್ಡು (ನಟ್ಟು ಹಾಕುವ ತಿರುಪಿನ ಕಡ್ಡಿ), ನಟ್ಟು, ಅಲ್ಯೂಮಿನಿಯಂ ಮೇಲೆ ಪದರ ಹತ್ತಿಸುವ ಆನೊಡೈಸಿಂಗ್, ನನ್ನ ಸಂಜೆಗಳು. ಆಗ ಶುರುವಾಯಿತು ನೋಡಿ, "ನಮ್ಮವನೇ ಅಲ್ವಾ, ನಮಗೂ ಅಷ್ಟೇನಾ?" ನಾನು 6,500ಕ್ಕೆ ಇಳಿದೆ. ಇಳಿದ ಆ ಸಾವಿರವನ್ನು ಎಲ್ಲಿಂದಾದರೂ ತರಬೇಕಲ್ಲ. ನನ್ನ ಮಜೂರಿಯಲ್ಲಿ ಬಿಡಬೇಕಿತ್ತು. ನಾನು ಮಾಲಿನಲ್ಲಿ ಹುಡುಕಿದೆ. ಗೆಳೆಯರ ಬೆಲೆ ಅನ್ನೋದರ ಮೇಲೆ ನನಗೆ ಇಷ್ಟು ಸಿಟ್ಟು ಇರುವುದು ಇದಕ್ಕೇ.

ಮಾಲು ಅಂದರೆ ಎಚ್‌ಇ 30 ಅಲ್ಯೂಮಿನಿಯಂ, ಪುಸ್ತಕದಲ್ಲಿ 6082 ಅನ್ನುತ್ತಾರಲ್ಲ, ಅದು. 180 ಎಂಎಂ ರೌಂಡ್ ಬಾರ್. ಮೊದಲ ಒಂದು ಮೀಟರ್ ಬಾರನ್ನು ಟೆಸ್ಟ್ ಸರ್ಟಿಫಿಕೇಟ್ ಸಮೇತ ತಂದಿದ್ದೆ, ತೂಕ 69 ಕೆಜಿ ಹತ್ತಿರ. ಅದರಲ್ಲಿ 32 ತುಂಡು ಬಂದವು. ಇನ್ನೂ 16 ಬೇಕು, ಅರ್ಧ ಮೀಟರ್ ಸಾಕು. ಅದನ್ನು ಗುಜರಿಯಿಂದ ತಂದೆ. ಕೆಜಿಗೆ 100 ರೂಪಾಯಿ ಕಡಿಮೆ. 34 ಕೆಜಿಗೆ 3,400 ರೂಪಾಯಿ ಉಳಿಯಿತು. ಬಾರಿನ ತುದಿಯಲ್ಲಿ ಮಾರ್ಕರಿನಿಂದ ಎಚ್‌ಇ 30 ಅಂತ ಬರೆದಿತ್ತು. ಕಾಗದ ಇರಲಿಲ್ಲ. ಮಾರಿದವನ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಅವನು ಗುಜರಿ ಅಂತ ಹೇಳಿ ಗುಜರಿಯನ್ನೇ ಮಾರಿದ. ಚಕ್ರಕ್ಕೆ ಹಾಕುವವನು ನಾನು.

ಈಗ ಸ್ವಲ್ಪ ಸಾವಕಾಶ ಓದಿ. ನಾನು ಅದನ್ನು ಲೇತಿಗೆ ಕಟ್ಟಿದ ಕೂಡಲೇ ಬಾರು ತಾನೇ ಹೇಳಿತ್ತು. ಒಳ್ಳೆಯ ಬಾರಿನ ಚಿಪ್ಸ್, ಅಂದರೆ ಕಡೆಯುವಾಗ ಬರುವ ಚೂರು, ಚಿಕ್ಕಚಿಕ್ಕದಾಗಿ ಮುರಿದು ಉದುರುತ್ತಿತ್ತು. ಇದರದ್ದು ಉದ್ದುದ್ದ ರಿಬ್ಬನ್ ಥರ ಬಂದು ಚಕ್‌ಗೆ ಸುತ್ತಿಕೊಳ್ಳುತ್ತಿತ್ತು. ಟೂಲಿನ ತುದಿಗೆ ಬೆಲ್ಲದ ಪಾಕ ಅಂಟಿದ ಹಾಗೆ ಅಲ್ಯೂಮಿನಿಯಂ ಅಂಟುತ್ತಿತ್ತು. ನಾನು ನಿಲ್ಲಿಸಿ, ಟೂಲನ್ನು ಮತ್ತೆ ಸಾಣೆ ಹಿಡಿದು, ಸೀಮೆಎಣ್ಣೆ ಜಾಸ್ತಿ ಬಿಟ್ಟು, ಸ್ಪೀಡ್ ಏರಿಸಿ ಮುಂದುವರಿಸಿದೆ. ಕೆಲಸ ಕಲಿತವನು ಮಾಡುವ ಉಪಾಯ ಅದು. ಮೆತ್ತನೆಯ ಮಾಲು ಅಂತ ಕೈಗೆ ಗೊತ್ತಾಗಿತ್ತು, ತಲೆಗೆ ಹೋಗಲಿಲ್ಲ. ನಾನು ಕೆಲಸ ಮಾಡುವ ಟೂಲ್ ರೂಮಿನಲ್ಲೇ ಲೋಹದ ಗಡಸು ಅಳೆಯುವ ಹಾರ್ಡ್‌ನೆಸ್ ಟೆಸ್ಟರ್ ಇತ್ತು. ಮರುದಿನ ಬೆಳಿಗ್ಗೆ ಒಂದು ತುಂಡನ್ನು ಊಟದ ಡಬ್ಬಿಯ ಜೊತೆ ಚೀಲದಲ್ಲಿ ಹಾಕಿಕೊಂಡು ಹೋಗಿದ್ದರೆ ಎರಡು ನಿಮಿಷದ ಕೆಲಸ.

ಇಷ್ಟಕ್ಕೇ ನಿಂತಿದ್ದರೂ ನಷ್ಟ ಕಡಿಮೆ ಇತ್ತು. ನಾನು ಮಾಡಿದ ದೊಡ್ಡ ತಪ್ಪು ಇನ್ನೂ ಮುಂದಿದೆ. 48 ತುಂಡನ್ನೂ ಒಂದೇ ಟ್ರೇಯಲ್ಲಿ ಹಾಕಿದೆ. ಯಾವುದರ ಮೇಲೂ ನಂಬರ್ ಹೊಡೆಯಲಿಲ್ಲ. ಎಲ್ಲ ಒಟ್ಟಿಗೆ ಆನೊಡೈಸಿಂಗಿಗೆ ಹೋಗಿ, ಕರಿ ಬಣ್ಣ ಹತ್ತಿಸಿಕೊಂಡು, ಒಂದೇ ತಾಯಿಯ ಮಕ್ಕಳ ಹಾಗೆ ವಾಪಸ್ ಬಂದವು. ಮೆತ್ತನೆಯದೂ ಕರಿ, ಗಟ್ಟಿಯದೂ ಕರಿ. ಕೈಗೆ ಸಿಕ್ಕ ನಾಲ್ಕನ್ನು ಎತ್ತಿ ಒಂದು ಸೆಟ್ ಅಂತ ಡಬ್ಬಿಗೆ ಹಾಕಿದೆ. ಯಾರಿಗೆ ಯಾವುದು ಹೋಯಿತು ಅಂತ ಬರೆದಿಡಲಿಲ್ಲ. ಗೆಳೆಯರಿಗೆ ಎಂಥ ಬಿಲ್ಲು, ಎಂಥ ಪುಸ್ತಕ ಅಂತ ಬಿಟ್ಟುಬಿಟ್ಟೆ.

ಜೂನ್ ಕೊನೆಯ ಭಾನುವಾರ. ನನಗೆ ಡ್ಯೂಟಿ ಇತ್ತು, ನಾನು ಹೋಗಿರಲಿಲ್ಲ. ಮಧ್ಯಾಹ್ನ ಬಾಗಲಕೋಟೆಯ ಗೆಳೆಯನ ಫೋನ್, ಹಿಂದೆ ಮಳೆಯ ಸದ್ದು. "ಅಣ್ಣಾ, ಗಾಡಿ ಬಲಕ್ಕ ಜಗ್ಗಾಕತ್ತೈತಿ. ಮುಂದಿನ ಗಾಲ್ಯಾಗ ಟಕ್ ಟಕ್ ಅಂತೈತಿ. ನಟ್ ಎರಡ ಸಲ ನೋಡೀನಿ, ಟೈಟ್ ಅದಾವ." ಗಾಡಿಯನ್ನು ಇದ್ದಲ್ಲೇ ನಿಲ್ಲಿಸು, ಚಕ್ರ ಬಿಚ್ಚು ಅಂದೆ. ಘಾಟಿನ ಇಳಿಜಾರು, ಮಂಜು, ಹಿಂದಿನ ಸೀಟಿನಲ್ಲಿ ಅವನ ಹೆಂಡತಿ, ಮಗಳು. ಹದಿನೈದು ನಿಮಿಷದ ಮೇಲೆ ಫೋಟೊ ಕಳಿಸಿದ. ಸ್ಪೇಸರನ್ನು ಹಬ್‌ಗೆ ಹಿಡಿದಿದ್ದ ಐದು ಸ್ಟಡ್‌ಗಳಲ್ಲಿ ಎರಡು ತುಂಡಾಗಿದ್ದವು. ಮೂರನೆಯದರ ನಟ್ಟು ಬೆರಳಿಗೇ ತಿರುಗುತ್ತಿತ್ತು.

ಈ ಥರದ ಸ್ಪೇಸರಿನಲ್ಲಿ ಒಳಗಿನ ನಟ್ಟುಗಳು ಅದನ್ನು ಹಬ್‌ಗೆ ಹಿಡಿಯುತ್ತವೆ. ಚಕ್ರ ಕೂರುವುದು ಅವುಗಳನ್ನು ಮುಚ್ಚಿಕೊಂಡು, ಸ್ಪೇಸರಿನದೇ ಬೇರೆ ಸ್ಟಡ್‌ಗಳಿಗೆ. ಹಾಗಾಗಿ ಹೊರಗೆ ಪಾನಾ ಹಾಕಿ ನೋಡಿದರೆ ಎಲ್ಲ ಬಿಗಿಯಾಗಿಯೇ ಇರುತ್ತದೆ. ಸಡಿಲವಾಗುವ ನಟ್ಟು ಚಕ್ರದ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ. ಮೆತ್ತನೆಯ ಅಲ್ಯೂಮಿನಿಯಂನಲ್ಲಿ ನಟ್ಟು ಕೂತ ಜಾಗ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಕೂದಲೆಳೆಯಷ್ಟು ಇಳಿದರೂ ಸಾಕು, ಬಿಗಿ ಹೋಗುತ್ತದೆ. ಬಿಗಿ ಇರುವವರೆಗೆ ಹಬ್ಬೂ ಸ್ಪೇಸರೂ ಒಂದಕ್ಕೊಂದು ಒತ್ತಿಕೊಂಡು ಭಾರ ಹೊರುತ್ತವೆ. ಬಿಗಿ ಹೋದ ಮೇಲೆ ಬರೀ ಸ್ಟಡ್ಡೇ ಹೊರಬೇಕು. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಅದು ಒಂದು ಸಲ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ. ಮುರಿದ ಸ್ಟಡ್ಡಿನ ಮುಖವನ್ನು ಆಮೇಲೆ ಲೆನ್ಸ್ ಹಿಡಿದು ನೋಡಿದೆ. ಕಪ್ಪೆಚಿಪ್ಪಿನ ಮೇಲಿನ ಗೆರೆಗಳ ಹಾಗೆ ಸಾಲುಸಾಲು ಕಮಾನು ಗೆರೆ, ಕೊನೆಗೆ ಒಂದು ಚಿಕ್ಕ ಒರಟು ಜಾಗ. ಅಂದರೆ ಅದು ತಾಮ್ಹಿಣಿಯಲ್ಲಿ ಮುರಿದದ್ದಲ್ಲ. ವಾರಗಟ್ಟಲೆ ಮುರಿಯುತ್ತಾ ಬಂದದ್ದು. ಮಗಳನ್ನು ಶಾಲೆಗೆ ಬಿಡುವಾಗಲೂ ಅದು ಮುರಿಯುತ್ತಲೇ ಇತ್ತು.

ಸೋಮವಾರ ಟೆಸ್ಟರಿನ ಕೆಳಗೆ ಇಟ್ಟೆ. ಟಿ6 ಆದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಎಚ್‌ಇ 30, ಬ್ರಿನೆಲ್ ಅನ್ನುವ ಗಡಸಿನ ಅಳತೆಯಲ್ಲಿ 90ರ ಮೇಲೆ ತೋರಿಸಬೇಕು. ಆ ತುಂಡು 50 ಮುಟ್ಟಲಿಲ್ಲ. ಅದೇ ಸೆಟ್ಟಿನ ಇನ್ನೆರಡು ಸರಿಯಾಗಿದ್ದವು, ನಾಲ್ಕನೆಯದು ಮತ್ತೆ ಮೆತ್ತಗೆ. ಆಗ ನನಗೆ ಹೊಟ್ಟೆಯಲ್ಲಿ ಕಲ್ಲು ಹಾಕಿದಂತಾಯಿತು. ಇನ್ನು 11 ಗಾಡಿ ರಸ್ತೆಯಲ್ಲಿವೆ. ಯಾವುದರಲ್ಲಿ ಎಷ್ಟಿವೆ? ನಂಬರ್ ಇದ್ದಿದ್ದರೆ ಕೆಟ್ಟ 16 ತುಂಡು ಯಾರ ಹತ್ತಿರ ಇವೆ ಅಂತ ಪುಸ್ತಕ ನೋಡಿ ಆ ರಾತ್ರಿಯೇ ಹೇಳಬಹುದಿತ್ತು. ಇಲ್ಲದ್ದಕ್ಕೆ ಎಲ್ಲರನ್ನೂ ನಿಲ್ಲಿಸಬೇಕಾಯಿತು. ನಂಬರ್ ಪಂಚ್‌ನ ಒಂದು ಸೆಟ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. 48 ತುಂಡಿಗೆ ಅಂಚಿನಲ್ಲಿ ಹೊಡೆಯಲು ಒಂದು ಗಂಟೆಯೂ ಬೇಡ. ಪಂಚ್ ನನ್ನ ಡ್ರಾಯರಿನಲ್ಲೇ ಇತ್ತು.

ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಸ್ಪೇಸರ್ ಬಿಚ್ಚಿಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ, ಹಣ ವಾಪಸ್ ಅಂದೆ. ಕೆಲವರು ಬೈದರು. ಜಾಸ್ತಿ ಜನ "ನಂದು ಚೆನ್ನಾಗೇ ಇದೆ, ಇರಲಿ ಬಿಡು" ಅಂದರು. ಅವರನ್ನು ಒಪ್ಪಿಸೋದು ಬೈದವರಿಗಿಂತ ಕಷ್ಟ ಆಯಿತು. ಪೂರ್ತಿ ಜುಲೈ ಮಳೆಯಲ್ಲಿ ಹಡಪ್ಸರ್, ವಾಕಡ್, ಕಾತ್ರಜ್ ಅಂತ ಓಡಾಡಿದೆ. 11 ಸೆಟ್ ವಾಪಸ್ ಬಂದವು, 71,500 ರೂಪಾಯಿ ಹಿಂದಿರುಗಿಸಿದೆ. ಊರಲ್ಲಿ ಅಪ್ಪನಿಗೆ ಬೋರ್‌ವೆಲ್ ಹಾಕಿಸಲು ಇಟ್ಟ ಹಣ ಅದು. ಬಾಗಲಕೋಟೆಯ ಗೆಳೆಯ ಹಣ ಬೇಡ ಅಂದ, ನಾನೇ ಕೈಗೆ ಹಿಡಿಸಿ ಬಂದೆ. ಅವನ ಹೆಂಡತಿ ಚಹಾ ಕೊಟ್ಟರು, ಮಾತಾಡಲಿಲ್ಲ. ಈಗಲೂ ಅವರ ಮನೆಗೆ ಹೋಗುವಾಗ ನನಗೆ ಕಾಲು ಭಾರ.

ಈಗ ನಿಮ್ಮ ವಿಷಯ. ಒಳ್ಳೆ ಮಾಲು ಹಾಕಿದರೆ ಸ್ಪೇಸರ್ ಮಾಡಬಹುದಲ್ಲ ಅಂತ ನೀವು ಕೇಳುತ್ತೀರಿ. ನನ್ನ ಅಭಿಪ್ರಾಯ, ಬೇಡ. ಚಕ್ರ 25 ಎಂಎಂ ಹೊರಗೆ ಹೋದಷ್ಟೂ ವ್ಹೀಲ್ ಬೇರಿಂಗಿನ ಮೇಲೆ ಭಾರ ಹೆಚ್ಚು, ಅದನ್ನು ಎಷ್ಟು ನಾಜೂಕಾಗಿ ಮಾಡಿದರೂ ತಪ್ಪಿಸಲಾಗದು. ಚಕ್ರ, ಬ್ರೇಕ್, ಸ್ಟಿಯರಿಂಗ್, ಸೀಟ್ ಬೆಲ್ಟ್, ಈ ನಾಲ್ಕರ ಹತ್ತಿರಕ್ಕೆ ಗಾಳಾದಲ್ಲಿ ಕೂತು ಮಾಡಿದ ಪಾರ್ಟು ಹೋಗಬಾರದು. ಕಾನೂನೂ ಇದೆ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 182ಎ ಓದಿ. ಸುರಕ್ಷತೆಗೆ ಅತಿ ಮುಖ್ಯ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಬಿಡಿಭಾಗವನ್ನು ನಿಯಮ ಮೀರಿ ಮಾರಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಒಂದೊಂದು ಭಾಗಕ್ಕೆ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಗಾಡಿಯನ್ನು ಕಾಯ್ದೆ ಒಪ್ಪದ ಹಾಗೆ ಬದಲಾಯಿಸಿದ ಮಾಲೀಕರಿಗೂ ಒಂದೊಂದು ಬದಲಾವಣೆಗೆ 5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಇದೆ. ಗಾಡಿಗಳನ್ನು ಪರೀಕ್ಷೆ ಮಾಡುವ ಎಆರ್‌ಎಐ ನಮ್ಮ ಕೋಥ್ರೂಡಿನ ಗುಡ್ಡದ ಮೇಲೇ ಇದೆ. ಅಲ್ಲಿ ಪರೀಕ್ಷೆ ಮಾಡಿಸುವಷ್ಟು ದುಡ್ಡು, ಮಾಲು ನಮ್ಮಂಥವರ ಹತ್ತಿರ ಇಲ್ಲ ಅಂದಮೇಲೆ ಆ ಪಾರ್ಟು ನಮ್ಮದಲ್ಲ.

ಮಾಡುವಂಥದ್ದು ಬೇಕಾದಷ್ಟಿದೆ. ಜಿಪ್ಸಿ ಬಂದದ್ದು 1985ರಲ್ಲಿ, 2019ರ ಹೊತ್ತಿಗೆ ಸಾಮಾನ್ಯ ಜನರಿಗೆ ಹೊಸದು ಸಿಗುವುದು ನಿಂತಿತ್ತು. ಸಣ್ಣಪುಟ್ಟ ಸಾಮಾನಿಗೆ ಜನ ಪರದಾಡುತ್ತಾರೆ. ಗೇರ್ ಲಿವರಿನ ಬುಡದ ಪ್ಲಾಸ್ಟಿಕ್ ಬುಶ್ ಸವೆದು, ಲಿವರ್ ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಆಡುತ್ತದಲ್ಲ, ಅದನ್ನು ನಾನು ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ರಾಡಿನಿಂದ ಕಡೆದು ಕೊಡುತ್ತೇನೆ. ಈಗ ನನ್ನ ಹತ್ತಿರ ಜಾಸ್ತಿ ಹೋಗುವುದು ಅದೇ. ಆ ಬುಶ್ ಸವೆದರೂ ಮುರಿದರೂ ಗೇರ್ ಹಾಕಲು ಕಷ್ಟ ಆಗುತ್ತದೆ, ಅಷ್ಟೇ. ಮನೆಯವರ ಜೀವಕ್ಕೆ ಏನೂ ಆಗುವುದಿಲ್ಲ. ಎಕ್ಸ್‌ಟ್ರಾ ಲೈಟಿನ ಸ್ವಿಚ್ ಪ್ಯಾನಲ್, ಟೂಲ್ ಬಾಕ್ಸ್ ಬ್ರಾಕೆಟ್, ಡ್ಯಾಶ್‌ಬೋರ್ಡಿನ ನಾಬ್, ಇವನ್ನು ಮಾಡಿ.

ಬೆಲೆ ಎಲ್ಲರಿಗೂ ಒಂದೇ. ತಮ್ಮನಿಗೂ ಅದೇ, ಗೊತ್ತಿಲ್ಲದವರಿಗೂ ಅದೇ. ಬಿಲ್ಲು ಕೊಡಿ. ಮಹಾರಾಷ್ಟ್ರ ಬಿಟ್ಟು ಊರ ಕಡೆಗೆ ಮಾಲು ಮಾರಿ ಕಳಿಸುವುದಾದರೆ ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಒಬ್ಬ ಲೆಕ್ಕಿಗರನ್ನು ಕೇಳಿ ಮಾಡಿಸಿಕೊಳ್ಳಿ. ಒಂದು ಉದ್ದನೆಯ ಪುಸ್ತಕ ಇಡಿ. ತುಂಡಿನ ನಂಬರ್, ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಅನ್ನುವ ನಂಬರ್), ಗಾಡಿ ನಂಬರ್, ಫೋನ್, ತಾರೀಖು. ಬುಶ್ಶಿಗೂ ನಾನು ನಂಬರ್ ಕೆತ್ತುತ್ತೇನೆ. ಗಾಡಿ ಮಾರಿದರೆ ಹೇಳಿ ಅಂತ ಬಿಲ್ಲಿನ ಕೆಳಗೆ ಬರೆಯುತ್ತೇನೆ.

ಯಾಕೆಂದರೆ ಆ 12ನೇ ಸೆಟ್ ನನಗೆ ಇನ್ನೂ ಸಿಕ್ಕಿಲ್ಲ. ಕೊಂಡವರು ನಾನು ಫೋನ್ ಮಾಡುವ ಮೊದಲೇ ಗಾಡಿ ಮಾರಿದ್ದರು. ಅದು ಕೊಲ್ಲಾಪುರಕ್ಕೆ ಹೋಯಿತು, ಅಲ್ಲಿಂದ ಬೆಳಗಾವಿ ಕಡೆಗೆ ಕೈ ಬದಲಾಯಿತು ಅಂತ ತಿಳಿಯಿತು, ಅಲ್ಲಿಗೆ ಜಾಡು ತಪ್ಪಿತು. ವಾಪಸ್ ಬಂದ 44 ತುಂಡನ್ನೂ ಟೆಸ್ಟ್ ಮಾಡಿದೆ, ಮೆತ್ತನೆಯವು 15 ಸಿಕ್ಕವು. ಗುಜರಿ ಬಾರಿನಿಂದ ಬಂದದ್ದು 16. ಒಂದು ಆ ಗಾಡಿಯಲ್ಲಿದೆ. ಬಿಳಿ ಜಿಪ್ಸಿ, ಸಾಫ್ಟ್ ಟಾಪ್. ಸ್ಪೇಸರ್ 25 ಎಂಎಂ ದಪ್ಪ, ಕರಿ ಆನೊಡೈಸ್, ಅಂಚಿನಲ್ಲಿ ಯಾವ ನಂಬರೂ ಇಲ್ಲ. ಬೆಳಗಾವಿ, ಹುಕ್ಕೇರಿ, ಚಿಕ್ಕೋಡಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಂಥ ಗಾಡಿ ಕಂಡರೆ ನಾಲ್ಕೂ ಚಕ್ರ ಬಿಚ್ಚಿಸಿ ಸ್ಪೇಸರ್ ತೆಗೆಸಿಬಿಡಿ. ಹೊರಗಿನ ನಟ್ ಬಿಗಿ ಇದೆ ಅಂತ ಬಿಡಬೇಡಿ. ಇಲ್ಲಿ ನನಗೊಂದು ಮೆಸೇಜ್ ಹಾಕಿ, ನಾನೇ ಬಂದು ಹಣ ಕೊಟ್ಟು ತೆಗೆದುಕೊಂಡು ಹೋಗುತ್ತೇನೆ.