ಒಡೆಯುವ ದನಿಗೆ ಒಗ್ಗುವ ಶ್ರುತಿ

ಮಾನ್ಯರೇ,

ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಪಾಠದ ಜೊತೆಗೆ ಸಂಗೀತದ ಪೀರಿಯಡ್ಡನ್ನೂ ನೋಡಿಕೊಳ್ಳುತ್ತಿರುವ ಶಿಕ್ಷಕಿ ನೀವು. ಏಳನೇ ತರಗತಿಯ 38 ಮಕ್ಕಳು, ವಾರಕ್ಕೆ 40 ನಿಮಿಷ. ಐದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು (ಕೀಲಿಯನ್ನು) ಷಡ್ಜ ‘ಸ’ ಮಾಡಿಕೊಂಡು, ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಹೇಳಿಕೊಡುತ್ತೀರಿ. ಆರು ಹುಡುಗರು ಪಂಚಮದವರೆಗೆ (‘ಪ’) ಸರಿಯಾಗಿ ಬಂದು ಧೈವತದಲ್ಲಿ (‘ಧ’) ಕೈಬಿಡುತ್ತಾರೆ. ವಾರ್ಷಿಕೋತ್ಸವ ಹತ್ತಿರ ಬಂತೆಂದು ಅವರಿಗೆ ‘ಬಾಯಿ ಮಾತ್ರ ಆಡಿಸಿ’ ಎಂದು ಹೇಳಿದ್ದೀರಿ, ಅದು ಸರಿಯೇ ಎಂದು ಕೇಳಿದ್ದೀರಿ.

ಸರಿಯಲ್ಲ ಮೇಡಂ. ಆ ಮಕ್ಕಳ ಕಿವಿಯಲ್ಲಿ ದೋಷವಿಲ್ಲ, ಶ್ರುತಿಯ ಆಯ್ಕೆಯಲ್ಲಿದೆ. ಅವರು ಪಂಚಮದವರೆಗೆ ಸರಿಯಾಗಿ ಬರುತ್ತಾರೆ ಎಂದು ನೀವೇ ಬರೆದಿದ್ದೀರಲ್ಲ, ಅದೇ ಸಾಕ್ಷಿ.

ಹನ್ನೆರಡರಿಂದ ಹದಿನಾಲ್ಕರ ನಡುವೆ ಹೆಚ್ಚಿನ ಹುಡುಗರ ದನಿ ಒಡೆಯುತ್ತದೆ. ಗಂಟಲಿನ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಕೊನೆಗೆ ದನಿ ಸುಮಾರು ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಕೆಳಗೆ ಹೋಗಿ ನಿಲ್ಲುತ್ತದೆ. ಆದರೆ ಅದು ಒಂದೇ ದಿನದಲ್ಲಿ ನಡೆಯುವುದಿಲ್ಲ. ನಡುವಿನ ತಿಂಗಳುಗಳಲ್ಲಿ ಮೇಲಿನ ಸ್ವರಗಳು ಹೋಗಿರುತ್ತವೆ, ಕೆಳಗಿನವು ಇನ್ನೂ ಬಂದಿರುವುದಿಲ್ಲ. ನೆಮ್ಮದಿಯಾಗಿ ಹಾಡಲು ಕೈಗೆ ಸಿಗುವುದು ಐದಾರು ಸ್ವರ ಮಾತ್ರ. ಐದು ಮನೆಯಲ್ಲಿ ಷಡ್ಜ ಇಟ್ಟಾಗ ಪಂಚಮ ಆ ಮಿತಿಯ ಅಂಚಿನಲ್ಲಿ ಬೀಳುತ್ತದೆ, ಧೈವತ ಆಚೆಗೆ. ಅಲ್ಲಿ ‘ಜೋರಾಗಿ ಹಾಡು’ ಎಂದರೆ ಹುಡುಗ ಕತ್ತು ಬಿಗಿದು ಕಿರುಚುತ್ತಾನೆ, ಇಲ್ಲವೇ ದನಿ ಕೆಳಗೆ ಕುಸಿಯುತ್ತದೆ. ಹೆಣ್ಣುಮಕ್ಕಳ ದನಿಯೂ ಈ ವಯಸ್ಸಿನಲ್ಲಿ ಎರಡು ಮೂರು ಅರ್ಧಸ್ವರದಷ್ಟು (ಕಪ್ಪು ಬಿಳಿ ಸೇರಿ ಎರಡು ಮೂರು ಮನೆಯಷ್ಟು) ಇಳಿಯುತ್ತದೆ, ಉಸಿರು ಬೆರೆತಂತೆ ಕೇಳಿಸುತ್ತದೆ. ಅದನ್ನು ಗದರಿ ಸರಿಪಡಿಸಲು ಹೋಗಬೇಡಿ, ತಾನಾಗಿ ತಿಳಿಯಾಗುತ್ತದೆ.

ಮೊದಲು ಆ ಆರು ಜನರ ದನಿಯನ್ನು ಒಬ್ಬೊಬ್ಬರದಾಗಿ ನೋಡಿ. ಉಳಿದವರ ಮುಂದೆ ಬೇಡ, ಈ ವಯಸ್ಸಿಗೆ ಗೆಳೆಯರ ನಗುವಿಗಿಂತ ದೊಡ್ಡ ಶಿಕ್ಷೆ ಇಲ್ಲ. ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳಿ. ಯಾವುದಾದರೂ ಒಂದು ಸಂಖ್ಯೆಯನ್ನು ಎಳೆದು ನಿಲ್ಲಿಸಲಿ. ಆ ದನಿ ಹಾರ್ಮೋನಿಯಂನ ಯಾವ ಮನೆಗೆ ಕೂಡುತ್ತದೆ ಎಂದು ಹುಡುಕುವ ಕೆಲಸ ನಿಮ್ಮದು. ಇಲ್ಲೇ ನಾವೆಲ್ಲ ತಪ್ಪುವುದು: ನಾವು ಮನೆ ಒತ್ತಿ ‘ಇದಕ್ಕೆ ಸೇರಿಸು’ ಎನ್ನುತ್ತೇವೆ. ಬದಲಿಗೆ ಮಗು ಇರುವ ಜಾಗಕ್ಕೆ ನೀವು ಹೋಗಿ ಸೇರಿಕೊಳ್ಳಿ. ಶ್ರುತಿ ಕೂಡಿದಾಗ ಹೇಗಿರುತ್ತದೆ ಎಂಬುದು ಅವನ ಕಿವಿಗೆ ಬಿದ್ದ ಮೇಲೆ ಒಂದೊಂದೇ ಮನೆ ಇಳಿಸಿ, ದನಿ ಗರಗರ ಎನ್ನುವಲ್ಲಿ ನಿಲ್ಲಿಸಿ. ಮತ್ತೆ ಮೇಲಕ್ಕೆ, ‘ಆ’ಕಾರದಲ್ಲಿ, ದನಿ ಒಡೆಯುವವರೆಗೆ. ಎರಡೂ ಮನೆಗಳನ್ನು ಹೆಸರಿನ ಮುಂದೆ ಬರೆದಿಡಿ. ಒಬ್ಬನಿಗೆ ಎರಡು ನಿಮಿಷ ಸಾಕು. ಆರು ವಾರಕ್ಕೊಮ್ಮೆ ಮತ್ತೆ ನೋಡಿ, ಲೆಕ್ಕ ಬದಲಾಗಿರುತ್ತದೆ.

ಹಾರ್ಮೋನಿಯಂನಲ್ಲಿ ಎರಡು ಸಾಲು ರೀಡು ಇದ್ದರೆ ಒಂದು ಮನೆ ಒತ್ತಿದಾಗ ಸಾಮಾನ್ಯವಾಗಿ ಎರಡು ಸ್ಥಾಯಿಯ ದನಿ ಒಟ್ಟಿಗೆ ಬರುತ್ತದೆ. ಯಾವುದನ್ನು ಹಿಡಿಯಬೇಕೆಂದು ಮಕ್ಕಳಿಗೆ ತಿಳಿಯುವುದಿಲ್ಲ. ಸ್ಟಾಪ್ ಒತ್ತಿ ಒಂದು ಸಾಲನ್ನು ಮುಚ್ಚಲು ಬರುವುದಾದರೆ ಮುಚ್ಚಿ. ಮಕ್ಕಳು ಹಾಡುವಾಗ ಜೊತೆಗೆ ಎಲ್ಲ ಸ್ವರ ನುಡಿಸಲೂ ಬೇಡಿ. ಅವರ ತಪ್ಪು ನಿಮಗೂ ಕೇಳಿಸದು, ಅವರಿಗೂ ಕೇಳಿಸದು. ಷಡ್ಜ ಪಂಚಮ ಮಾತ್ರ ಹಿಡಿದಿರಿ.

ಇನ್ನು ತರಗತಿಯಲ್ಲಿ ಮಾಡಬೇಕಾದದ್ದು. ಷಡ್ಜವನ್ನು ಬಿಳಿ ಒಂದಕ್ಕೆ, ಅಂದರೆ ನಡುವಿನ ಸ್ಥಾಯಿಯ ಮೊದಲ ಬಿಳಿ ಮನೆಗೆ, ತನ್ನಿ. ಸರಳೆ ವರಸೆಯ ರಾಗವಾದ ಮಾಯಾಮಾಳವಗೌಳದಲ್ಲಿ ಒಂದು ಅನುಕೂಲ ಅಡಗಿದೆ: ‘ಸ ರಿ ಗ ಮ’ ಮತ್ತು ‘ಪ ಧ ನಿ ಸ’ ಎರಡರ ಅಚ್ಚೂ ಒಂದೇ. ಷಡ್ಜದಿಂದ ರಿಷಭಕ್ಕೆ ಅರ್ಧ ಹೆಜ್ಜೆ, ರಿಷಭದಿಂದ ಗಾಂಧಾರಕ್ಕೆ ಮೂರು ಅರ್ಧ ಹೆಜ್ಜೆಯ ನೆಗೆತ, ಮತ್ತೆ ಮಧ್ಯಮಕ್ಕೆ ಅರ್ಧ. ಪಂಚಮದಿಂದ ಮೇಲೂ ಹಾಗೆಯೇ. ಮನೆಗಳ ಲೆಕ್ಕದಲ್ಲಿ ಬಿಳಿ ಒಂದು, ಕಪ್ಪು ಒಂದು, ಬಿಳಿ ಮೂರು, ಬಿಳಿ ನಾಲ್ಕು. ಬಳಿಕ ಬಿಳಿ ಐದು, ಕಪ್ಪು ನಾಲ್ಕು, ಬಿಳಿ ಏಳು, ಮೇಲಿನ ಬಿಳಿ ಒಂದು.

ಮೊದಲ ವರಸೆಯ ಏರಿಕೆಯಲ್ಲಿ ಎಂಟು ಎಣಿಕೆಯ ಆದಿತಾಳದ ಮೊದಲ ಭಾಗವಾದ ಲಘುವಿನ ನಾಲ್ಕು ಎಣಿಕೆಗೆ ‘ಸ ರಿ ಗ ಮ’, ಉಳಿದ ತಲಾ ಎರಡೆಣಿಕೆಯ ಎರಡು ದ್ರುತಕ್ಕೆ ‘ಪ ಧ ನಿ ಸ’ ಬರುತ್ತದೆ. ಲಘುವನ್ನು ಹೆಣ್ಣುಮಕ್ಕಳೂ ದನಿ ಒಡೆಯದ ಹುಡುಗರೂ ಹಾಡಲಿ. ದ್ರುತಗಳನ್ನು ನಿಮ್ಮ ಆರು ಹುಡುಗರು ಒಂದು ಸ್ಥಾಯಿ ಕೆಳಗೆ ಹಾಡಲಿ. ಇಳಿಯುವಾಗ ಅದಲು ಬದಲು: ಲಘುವಿನಲ್ಲಿ ‘ಸ ನಿ ಧ ಪ’ ಹುಡುಗರದು, ದ್ರುತಗಳಲ್ಲಿ ‘ಮ ಗ ರಿ ಸ’ ಉಳಿದವರದು. ಹುಡುಗರ ಪಾಲಿಗೆ ಬರುವುದು ಕೆಳಗಿನ ಬಿಳಿ ಐದರಿಂದ ನಡುವಿನ ಬಿಳಿ ಒಂದರವರೆಗಿನ ಜಾಗ. ಒಡೆಯುತ್ತಿರುವ ದನಿ ಹೆಚ್ಚಾಗಿ ಸಲೀಸಾಗಿ ಕೂರುವುದು ಅಲ್ಲಿಯೇ. ನೀವು ಬರೆದಿಟ್ಟ ಲೆಕ್ಕದೊಂದಿಗೆ ತಾಳೆ ನೋಡಿಕೊಳ್ಳಿ. ತಮ್ಮ ಸರದಿಗೆ ಕಾಯುತ್ತಾ ತಾಳ ಹಾಕುವುದರಿಂದ ಎಣಿಕೆಯೂ ಗಟ್ಟಿಯಾಗುತ್ತದೆ.

ಗಾಂಧಾರ ಇಳಿಯುತ್ತದೆ, ಎಚ್ಚರ. ರಿಷಭದಿಂದ ನೆಗೆಯುವಾಗ ಮಕ್ಕಳು ಅರ್ಧ ದಾರಿಯಲ್ಲೇ ನಿಲ್ಲುತ್ತಾರೆ. ‘ಮ ಗ ಮ, ಮ ಗ ಮ’ ಎಂದು ಮೇಲಿನಿಂದ ಮುಟ್ಟಿಸಿ, ಗಾಂಧಾರ ಮಧ್ಯಮಕ್ಕೆ ಎಷ್ಟು ಹತ್ತಿರ ಎಂದು ಕಿವಿಗೆ ಬೀಳಲಿ. ಆಮೇಲೆ ಕೆಳಗಿನಿಂದ ಏರಿಸಿ.

ಎರಡೂ ಗುಂಪು ಒಟ್ಟಿಗೆ ಹಾಡಬೇಕಾದ ಹಾಡಿಗೆ ಷಡ್ಜದಿಂದ ಪಂಚಮದೊಳಗೇ ಸುತ್ತುವ ಜನಪದ ಧಾಟಿಯೊಂದನ್ನು ಆರಿಸಿ ನಾಲ್ಕು ಮನೆ ಶ್ರುತಿ ಇಡಿ. ಹೆಣ್ಣುಮಕ್ಕಳು ಮೇಲಿನ ನಾಲ್ಕರಲ್ಲಿ, ಹುಡುಗರು ಕೆಳಗಿನ ನಾಲ್ಕರಲ್ಲಿ. ಕೆಳಗಿನ ಐದು ಮನೆಗೆ ಒಗ್ಗಿದ ನಿಮ್ಮ ಕಂಠಕ್ಕೆ ಮೇಲಿನ ನಾಲ್ಕು ಎತ್ತರ ಅನಿಸಬಹುದು. ಮೆಲ್ಲಗೆ ಹಾಡಿ ತೋರಿಸಿ ಸಾಕು.

ಪ್ರಾರ್ಥನೆಯ ಹೊತ್ತಿನ ರಾಷ್ಟ್ರಗೀತೆಗೆ ಮತ್ತೆ ಬಿಳಿ ಒಂದೇ ಒಳ್ಳೆಯದು. ಕೊನೆಯ ಜಯಕಾರ ತಾರಷಡ್ಜ (ಮೇಲಿನ ‘ಸ’) ಮುಟ್ಟುತ್ತದೆ. ಶ್ರುತಿ ಕೊಡದೆ ಯಾರೋ ಒಬ್ಬರು ಎತ್ತರದಲ್ಲಿ ಶುರುಮಾಡಿದರೆ ಇಡೀ ಸಾಲು ಅಲ್ಲಿ ಕಿರುಚುತ್ತದೆ. ಆ ಒಂದು ಜಾಗವನ್ನು ಆರು ಹುಡುಗರು ಕೆಳಗಿನ ಸ್ಥಾಯಿಯಲ್ಲಿ ಹೇಳಲಿ. ಪೂರ್ಣ ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ಗಡಿಯಾರ ಹಿಡಿದು ನೋಡಿ, 45ಕ್ಕೇ ಮುಗಿದರೆ ಓಡುತ್ತಿದ್ದಾರೆ ಎಂದರ್ಥ. ನಾಡಗೀತೆಗೆ ಸರ್ಕಾರ 2022ರಲ್ಲಿ ಗೊತ್ತುಮಾಡಿದ ಅವಧಿ 2 ನಿಮಿಷ 30 ಸೆಕೆಂಡು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಸಾಹಿತ್ಯದ ಮೇಲೆ ಗೆರೆ ಹಾಕಿಸಿದರೆ ಓಟ ತಾನಾಗಿ ನಿಲ್ಲುತ್ತದೆ.

ದಾನಿಗಳು ಹತ್ತು ಕೀಬೋರ್ಡ್ ಕೊಡಲು ಮುಂದೆ ಬಂದಿರುವುದನ್ನೂ ಬರೆದಿದ್ದೀರಿ. ವಾರಕ್ಕೊಂದು ಪೀರಿಯಡ್ಡಿನಲ್ಲಿ 38 ಮಕ್ಕಳು ಹತ್ತು ಕೀಬೋರ್ಡಿಗೆ ಸರದಿ ನಿಲ್ಲುವುದರಲ್ಲೇ ಹೊತ್ತು ಹೋಗುತ್ತದೆ. ಒಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಒಂದು ಸ್ಪೀಕರ್, ನಾಲ್ಕು ಖಂಜರಿ ಕೇಳಿ. ಮೊಬೈಲಿನ ತಂಬೂರಿ ಆ್ಯಪ್ ಕೂಡ ಆದೀತು, ಆದರೆ ಸ್ಪೀಕರಿಗೆ ಜೋಡಿಸಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಷಡ್ಜ ಹೊರಡುವುದೇ ಇಲ್ಲ.

ನೆಗಡಿ ಕೆಮ್ಮಿಲ್ಲದೆ ಎರಡು ಮೂರು ವಾರ ದನಿ ಕಟ್ಟಿಯೇ ಇರುವ ಮಗುವನ್ನು ಹಾಡಿಸಬೇಡಿ, ಇಎನ್‌ಟಿ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ. ಉಳಿದವರ ದನಿಯನ್ನು ವಾರ್ಷಿಕೋತ್ಸವದ ಎರಡು ದಿನ ಮೊದಲು ಇನ್ನೊಮ್ಮೆ ನೋಡಿ. ಆರರಲ್ಲಿ ಒಬ್ಬಿಬ್ಬರು ಅಷ್ಟರೊಳಗೆ ಇನ್ನೂ ಒಂದೆರಡು ಮನೆ ಇಳಿದಿರಬಹುದು, ಏಳನೆಯವನೊಬ್ಬ ಹೊಸದಾಗಿ ಸೇರಿರಲೂಬಹುದು. ಅವರ ಪಾಲಿನ ಸ್ವರಗಳನ್ನು ಆ ದಿನವೇ ಬದಲಿಸಿ ಕೊಡಿ.